ಹಸಿರಾ, ಪಿಂಕಾ, ನೀಲಿಯಾ? ಡ್ರಿಪ್ ಓಡೋದು, ಓಡದೇ ಇರೋದು ಯಾವುದರ ಮೇಲೆ ನಿಂತಿದೆ

"ಸಿಸ್ಟ್ರೇ, ಸ್ವಲ್ಪ ಜೋರು ಬಿಡಿ ಮಾರಾಯ್ರೆ, ಐದೂವರೆ ಬಸ್ಸು ತಪ್ಪಿದ್ರೆ ಆಮೇಲೆ ಆಟೋನೇ ಗತಿ." ಈ ಮಾತನ್ನ ವಾರಕ್ಕೆ ಮೂರು ಸಲ ಆದ್ರೂ ಕೇಳ್ತೀನಿ. ನಾನು ತೀರ್ಥಹಳ್ಳಿ ಕಡೆ ಒಂದು ಸಣ್ಣ ನರ್ಸಿಂಗ್ ಹೋಮಲ್ಲಿ ಸ್ಟಾಫ್ ನರ್ಸ್, ಹನ್ನೊಂದು ವರ್ಷ ಆಯ್ತು, ಡ್ರಿಪ್ ಬಗ್ಗೆ ಎರಡು ಥರದ ಜನ ನನ್ನ ತಲೆ ತಿಂತಾರೆ: ಬಸ್ಸಿಗೆ ಹೊತ್ತಾಯ್ತು ಅನ್ನೋ ರೋಗಿಗಳು, ಮತ್ತೆ ಹೊಸದಾಗಿ ಸೇರಿರೋ ನಮ್ಮ ಹುಡುಗೀರು, "ಅಕ್ಕ ಇವರಿಗೆ ಪಿಂಕ್ ಹಾಕ್ಲಾ ನೀಲಿ ಹಾಕ್ಲಾ, ಮ್ಯಾಕ್ರೋ ತಗೊಳ್ಲಾ ಮೈಕ್ರೋ ತಗೊಳ್ಲಾ" ಅಂತ. (ಬಣ್ಣ ಅಂದ್ರೆ ಕ್ಯಾನುಲಾದ್ದು, ನರದೊಳಗೆ ಕೂರೋ ಸಣ್ಣ ಪ್ಲಾಸ್ಟಿಕ್ ನಳಿಗೆ; ಮ್ಯಾಕ್ರೋ, ಮೈಕ್ರೋ ಅಂದ್ರೆ ದೊಡ್ಡ ಹನಿ, ಸಣ್ಣ ಹನಿ ಬೀಳೋ ಟ್ಯೂಬ್ ಸೆಟ್ಟು.) ಇಬ್ಬರಿಗೂ ಸೇರಿ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೀನಿ. ರೋಗಿ ಪಕ್ಕ ಕೂರೋರು ಓದಿ ಅರ್ಥ ಮಾಡ್ಕೊಳ್ಳಿ, ಆದ್ರೆ ಟ್ಯೂಬ್ ಮೇಲಿರೋ, ಹನಿ ಹೆಚ್ಚುಕಮ್ಮಿ ಮಾಡೋ ಚಕ್ರಕ್ಕೆ ಮಾತ್ರ ಕೈ ಹಾಕ್ಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಅಬ್ಬಿ ನೀರಿನ ಕಥೆ. ನನ್ನ ತವರು ಹೊಸನಗರ ಕಡೆ, ಮನೆಗೆ ನೀರು ಬರೋದು ಗುಡ್ಡದ ಮೇಲಿನ ಅಬ್ಬಿಯಿಂದ, ಮೊದಲೆಲ್ಲ ಅಡಿಕೆ ದಂಬೆಯಲ್ಲಿ ಬರ್ತಿತ್ತಂತೆ, ನಾನು ನೋಡೋ ಹೊತ್ತಿಗೆ ಪೈಪ್ ಆಗಿತ್ತು. ಒಂದು ವರ್ಷ ನೀರು ಸಣ್ಣಗೆ ಬರೋಕೆ ಶುರುವಾಯ್ತು, ಅಪ್ಪ ನಲ್ಲಿ ಬದಲಾಯಿಸಿದ್ರು, ಟ್ಯಾಂಕ್ ಹತ್ರದ ಪೈಪ್ ದಪ್ಪದ್ದು ಹಾಕಿದ್ರು, ಏನೂ ಆಗ್ಲಿಲ್ಲ. ಕೊನೆಗೆ ನೋಡಿದ್ರೆ ಗುಡ್ಡದ ಅರ್ಧದಲ್ಲಿ ಯಾರೋ ಒಡೆದ ಜಾಗಕ್ಕೆ ಗೇಣುದ್ದ ಅರ್ಧ ಇಂಚಿನ ತುಂಡು ಸೇರಿಸಿದ್ರು, ಅಷ್ಟೇ. ಮೇಲೆ ಒಂದು ಇಂಚು, ಕೆಳಗೆ ಒಂದು ಇಂಚು, ಮಧ್ಯ ಆ ಗೇಣುದ್ದದ ತುಂಡು ಇಡೀ ಮನೆ ನೀರನ್ನ ಹಿಡ್ಕೊಂಡು ಕೂತಿತ್ತು. ಡ್ರಿಪ್ಪೂ ಇದೇ. ಬಾಟ್ಲಿ ಮೇಲಿದೆ, ಟ್ಯೂಬ್ ಇದೆ, ಚಕ್ರ ಇದೆ, ಕ್ಯಾನುಲಾ ಇದೆ, ನರ ಇದೆ. ಇದರಲ್ಲಿ ಯಾವ ಜಾಗ ಅತೀ ಇಕ್ಕಟ್ಟೋ ಅಲ್ಲಿ ಬದಲಾಯಿಸಿದ್ರೆ ಮಾತ್ರ ಪ್ರಯೋಜನ, ಬೇರೆ ಕಡೆ ಏನು ಮಾಡಿದ್ರೂ ನಮ್ಮಪ್ಪ ನಲ್ಲಿ ಬದಲಾಯಿಸಿದ ಹಾಗೇ.

ಹಂಗಾಗಿ ಯಾವುದನ್ನ ಆರಿಸ್ಬೇಕು ಅನ್ನೋ ಮೊದಲು ಒಂದು ಪ್ರಶ್ನೆ ಕೇಳ್ಕೊಳ್ಳಿ. ಚಕ್ರವೇ ತಡೀತಿದೆಯಾ, ಇಲ್ಲಾ ಚಕ್ರ ಪೂರ್ತಿ ಬಿಟ್ರೂ ಓಡ್ತಿಲ್ವಾ? ಚಕ್ರವೇ ತಡೀತಿದ್ರೆ ಕ್ಯಾನುಲಾ ಬಣ್ಣದ ಬಗ್ಗೆ ತಲೆ ಕೆಡಿಸ್ಕೊಳ್ಳೋದೇ ಬೇಡ.

ಬಣ್ಣಗಳ ಜಗಳ

ಕ್ಯಾನುಲಾ ನಂಬರ್ ಹೆಚ್ಚಾದಷ್ಟೂ ಸಣ್ಣ, ಇದು ಹೊಸಬರಿಗೆ ಮೊದಲ ವಾರ ತಲೆಕೆಳಗಾಗೇ ಕಾಣುತ್ತೆ. 14 ಕಿತ್ತಳೆ, 16 ಬೂದು, 18 ಹಸಿರು, 20 ಪಿಂಕ್, 22 ನೀಲಿ, 24 ಹಳದಿ. ಪ್ಯಾಕೆಟ್ ಮೇಲೆ ನಿಮಿಷಕ್ಕೆ ಎಷ್ಟು ಎಂಎಲ್ ಅಂತ ಬರೆದಿರುತ್ತೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ, ಆದ್ರೆ ಸುಮಾರಾಗಿ ಹಸಿರು 90, ಪಿಂಕ್ 60, ನೀಲಿ 36, ಹಳದಿ 20ರ ಆಸುಪಾಸು. ಅದು ಬರೀ ನೀರು ಬಿಟ್ಟು ಲ್ಯಾಬಲ್ಲಿ ಅಳೆದಿದ್ದು, ನರದೊಳಗೆ ಇಟ್ಟಾಗ ಅದಕ್ಕಿಂತ ಕಮ್ಮಿನೇ ಬರೋದು.

ಹಸಿರಿಗೂ ನೀಲಿಗೂ ಹೊರಗಿಂದ ನೋಡಿದ್ರೆ ಅರ್ಧ ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ, ಆದ್ರೂ ಓಟ ಎರಡೂವರೆ ಪಟ್ಟು ಯಾಕೆ ಅಂದ್ರೆ ಅದಕ್ಕೊಂದು ಲೆಕ್ಕ ಇದೆ. ಪ್ವಾಸ್ಯೂ ಅಂತ ಫ್ರಾನ್ಸಿನ ಒಬ್ಬ ಡಾಕ್ಟರ್, 1840ರ ಹೊತ್ತಿಗೆ ಸಣ್ಣ ಸಣ್ಣ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ ಅಳೆದು ಕಂಡುಹಿಡಿದಿದ್ದು: ನಳಿಗೆಯ ಒಳಗಿನ ಅಗಲ ಎರಡು ಪಟ್ಟಾದ್ರೆ ಹರಿವು ಎರಡಲ್ಲ, ನಾಲ್ಕಲ್ಲ, ಹದಿನಾರು ಪಟ್ಟಾಗುತ್ತೆ. ಉದ್ದ ಎರಡು ಪಟ್ಟಾದ್ರೆ ಅರ್ಧಕ್ಕಿಳಿಯುತ್ತೆ. ಒತ್ತಡ ಎರಡು ಪಟ್ಟಾದ್ರೆ ಎರಡೇ ಪಟ್ಟು. ದ್ರವ ಎರಡು ಪಟ್ಟು ಮಂದ ಆದ್ರೆ ಮತ್ತೆ ಅರ್ಧ. ಕ್ಯಾನುಲಾದಲ್ಲಿ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಕೂರಲ್ಲ, ಆದ್ರೆ ಯಾವುದು ದೊಡ್ಡದು ಯಾವುದು ಸಣ್ಣದು ಅನ್ನೋ ಅಂದಾಜು ಇದರಲ್ಲೇ ಸಿಗುತ್ತೆ.

ಈಗ ಮುಖ್ಯ ವಿಷಯಕ್ಕೆ ಬನ್ನಿ. ಸುಮ್ನೆ ಸುಸ್ತು, ವಾಂತಿ ಅಂತ ಬಂದೋರಿಗೆ 500 ಎಂಎಲ್ ಬಾಟ್ಲಿ ನಾಲ್ಕು ಗಂಟೇಲಿ ಹೋಗ್ಬೇಕು ಅಂತ ಡಾಕ್ಟ್ರು ಬರೆದ್ರೆ ಅದು ಗಂಟೆಗೆ 125, ಅಂದ್ರೆ ನಿಮಿಷಕ್ಕೆ ಎರಡೇ ಎಂಎಲ್ ಚಿಲ್ಲರೆ. ಹಳದಿ ಕ್ಯಾನುಲಾ ಕೂಡ ನಿಮಿಷಕ್ಕೆ 20 ಬಿಡುತ್ತೆ! ಹಂಗಿರುವಾಗ ಎಪ್ಪತ್ತು ದಾಟಿದ ಅಜ್ಜಿಯ ದಾರದಂಥ ನರಕ್ಕೆ ಹಸಿರು ತೂರಿಸೋಕೆ ಹೋಗಿ ಎರಡು ಕಡೆ ಚುಚ್ಚಿ ಎರಡೂ ಕಡೆ ಚರ್ಮ ನೀಲಿಗಟ್ಟಿಸೋದು ಯಾತಕ್ಕೆ. ದೊಡ್ಡ ಕ್ಯಾನುಲಾ ಸಣ್ಣ ನರದಲ್ಲಿ ಕೂತ್ರೆ ಪಕ್ಕದಲ್ಲಿ ರಕ್ತ ಓಡೋಕೂ ಜಾಗ ಇರಲ್ಲ, ನರ ಕೆಂಪಗಾಗಿ ನೋವು ಬರುತ್ತೆ, ಮೂರನೇ ದಿನ ಲೈನ್ ಔಟ್. ಇಂಥೋರಿಗೆ ನನ್ನ ಆಯ್ಕೆ ನೀಲಿ, ಕಣ್ಣು ಮುಚ್ಕೊಂಡು. ಡೆಂಗಿ, ಮಂಗನ ಕಾಯಿಲೆ ಸೀಸನ್‌ನಲ್ಲಿ ಪ್ಲೇಟ್‌ಲೆಟ್ ಇಳಿದಿರೋರಿಗೂ ಅಷ್ಟೇ, ಒಂದೇ ಚುಚ್ಚಿಗೆ ಸಿಗೋ ನರ, ಅದಕ್ಕೆ ಸರಿಯಾಗೋ ಸೈಜು, ತೆಗೆದ ಮೇಲೆ ಜಾಸ್ತಿ ಹೊತ್ತು ಒತ್ತಿ ಹಿಡ್ಕೊಳ್ಳೋದು.

ಹಸಿರು ಯಾವಾಗ ಬೇಕು ಅಂದ್ರೆ ಅವಸರ ಇದ್ದಾಗ. ಆಕ್ಸಿಡೆಂಟ್, ಹೆರಿಗೆಯಲ್ಲಿ ರಕ್ತ ಹೋಗೋದು, ಮರದಿಂದ ಬಿದ್ದೋರು (ನಮ್ಮಲ್ಲಿ ಅಡಿಕೆ ಕೊನೆ ಇಳಿಸೋ ಕೊನೆಗಾರರು ಬೀಳೋದು ಪ್ರತಿ ವರ್ಷ ಇದ್ದಿದ್ದೇ), ಬಿಪಿ ಸಿಗದೇ ಇರೋರು. ಆಗ ಎರಡೂ ಕೈಗೆ ಒಂದೊಂದು ಹಸಿರು, ಸಿಕ್ಕಿದ್ರೆ ಬೂದು. ಪಿಂಕ್ ನಡುವಿನದ್ದು, ದೊಡ್ಡೋರಿಗೆ ರಕ್ತ ಏರಿಸೋಕೂ ಆಗುತ್ತೆ, ಸಾಧಾರಣ ಆಪರೇಷನ್‌ಗೂ ಆಗುತ್ತೆ, ಏನು ಆರಿಸ್ಬೇಕು ಗೊತ್ತಾಗದೇ ಇದ್ದಾಗ ಪಿಂಕ್ ತಗೊಂಡ್ರೆ ಹೆಚ್ಚಾಗಿ ಬೈಗುಳ ಬೀಳಲ್ಲ.

ಇನ್ನೊಂದು ತಪ್ಪು ತಿಳುವಳಿಕೆ, ಕುತ್ತಿಗೆಗೆ ಹಾಕೋ ಸೆಂಟ್ರಲ್ ಲೈನ್ ಇದ್ರೆ ಅದರಲ್ಲೇ ಎಲ್ಲಕ್ಕಿಂತ ಜೋರಾಗಿ ಹೋಗುತ್ತೆ ಅಂತ. ಇಲ್ಲ ಮಾರಾಯ್ರೆ. ಸಾಮಾನ್ಯವಾಗಿ ಹಾಕೋ ಮೂರು ದಾರಿಯ ಲೈನ್ ಹದಿನೈದು ಇಪ್ಪತ್ತು ಸೆಂಟಿಮೀಟರ್ ಉದ್ದ, ಒಳಗಿನ ದಾರಿಗಳೂ ಸಣ್ಣ. ಕೈಯಲ್ಲಿರೋ ಗಿಡ್ಡ ಬೂದು ಕ್ಯಾನುಲಾ ಅದಕ್ಕಿಂತ ಎಷ್ಟೋ ಜೋರಾಗಿ ಬಿಡುತ್ತೆ. ತೋಳಿಂದ ಎದೆವರೆಗೆ ಹೋಗೋ ಪಿಕ್ ಲೈನ್ ಅಂತೂ ಇನ್ನೂ ಉದ್ದ, ಇನ್ನೂ ನಿಧಾನ. ಸೆಂಟ್ರಲ್ ಲೈನ್ ಇರೋದು ಖಾರದ ಔಷಧಿಗಳಿಗೆ, ಕೈ ನರ ಸುಟ್ಟುಹಾಕೋ ಅಂಥವಕ್ಕೆ. ಹಾಗೇ ಕ್ಯಾನುಲಾಗೆ ಒಂದು ಎಕ್ಸ್‌ಟೆನ್ಶನ್ ಟ್ಯೂಬ್, ಅದಕ್ಕೊಂದು ತ್ರೀ ವೇ (ಮೂರು ದಾರಿಯ ನಲ್ಲಿ), ಅದಕ್ಕಿನ್ನೊಂದು ಅಂತ ರೈಲು ಬೋಗಿ ಜೋಡಿಸ್ತಾ ಹೋದ್ರೆ ಹಸಿರು ಹಾಕಿದ್ದೂ ದಂಡ, ಅವಸರದಲ್ಲಿ ಎಲ್ಲ ತೆಗೆದು ನೇರ ಜೋಡಿಸಿ.

ಜಾಗ: ಮೊಣಕೈ ಮಡಿಕೆಯಾ, ಮುಂಗೈಯಾ

ಮೊಣಕೈ ಮಡಿಕೆಯಲ್ಲಿ ನರ ದಪ್ಪ, ಸುಲಭಕ್ಕೆ ಸಿಗುತ್ತೆ, ಅವಸರಕ್ಕೆ ಅದೇ ಸರಿ. ಆದ್ರೆ ವಾರ್ಡಲ್ಲಿ ಮಲಗಿರೋರಿಗೆ ಅದು ತಲೆನೋವು, ಊಟ ಮಾಡೋಕೆ ಕೈ ಮಡಚಿದ್ರೆ ನಿಂತ್ಹೋಗುತ್ತೆ, ಫೋನ್ ಕಿವಿಗಿಟ್ರೆ ನಿಂತ್ಹೋಗುತ್ತೆ, ಡ್ರಿಪ್ ತಳ್ಳೋ ಪಂಪ್ ಇದ್ರೆ ಕೀಂ ಕೀಂ ಅಂತ ಕೂಗುತ್ತೆ, ನಾವು ಓಡಿ ಬಂದು "ಕೈ ನೆಟ್ಟಗಿಡಿ" ಅನ್ನೋದು, ಮತ್ತೆ ಐದು ನಿಮಿಷಕ್ಕೆ ಅದೇ. ಮಣಿಕಟ್ಟಿನ ಮೇಲೂ ಹೀಗೇ. ಹಸ್ತದ ಹಿಂಭಾಗ ಕಣ್ಣಿಗೆ ಕಾಣುತ್ತೆ, ಆದ್ರೆ ಸಣ್ಣ, ಮುಟ್ಟಿದ್ರೆ ನೋವು. ಎರಡು ಗಂಟಿನ ಮಧ್ಯ, ಅಂದ್ರೆ ಮಣಿಕಟ್ಟಿಗೂ ಮೊಣಕೈಗೂ ನಡುವೆ ಒಂದು ಒಳ್ಳೆ ನೇರ ನರ ಸಿಕ್ಕಿದ್ರೆ ಅದಕ್ಕಿಂತ ಚೆನ್ನಾಗಿರೋದು ಯಾವುದೂ ಇಲ್ಲ. ದೊಡ್ಡೋರಿಗೆ ಕಾಲು ಬೇಡ, ರಕ್ತ ಹೆಪ್ಪುಗಟ್ಟೋ ಭಯ. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳ ಜೋಡಿಸೋ ಆಪರೇಷನ್) ಮಾಡಿರೋ ಕೈ ಮುಟ್ಟಲೇಬೇಡಿ. ಬಿಪಿ ಪಟ್ಟಿ ಯಾವಾಗ್ಲೂ ಇನ್ನೊಂದು ಕೈಗೆ, ಒಂದೇ ಕೈಗೆ ಕಟ್ಟಿ ಊದಿದ್ರೆ ಡ್ರಿಪ್ ನಿಲ್ಲುತ್ತೆ, ರಕ್ತ ಟ್ಯೂಬಿಗೆ ಏರುತ್ತೆ.

ಆಷಾಢದ ಮಳೆಯಲ್ಲಿ ನೆಂದು ಬಂದೋರ ಕೈ ಐಸ್ ಥರ ಇರುತ್ತೆ, ನರ ಎಲ್ಲ ಒಳಗೆ ಹೋಗಿರುತ್ತೆ. ಆಗ ದೊಡ್ಡ ಸೂಜಿ ಸಣ್ಣ ಸೂಜಿ ಅನ್ನೋದಕ್ಕಿಂತ ಹತ್ತು ನಿಮಿಷ ಬೆಚ್ಚಗೆ ಟವೆಲ್ ಸುತ್ತಿ ಕೈ ಕೆಳಗೆ ಇಳಿಬಿಟ್ಟು ಕೂರ್ಸೋದು ವಾಸಿ. ಹಾಕಿದ ಮೇಲೂ ಚಳಿಗೆ ನರ ಬಿಗಿ ಹಿಡಿದು ಓಟ ಕಮ್ಮಿ ಆಗೋದುಂಟು, ಮೇಲೆ ಬೆಚ್ಚಗಿನ ಬಟ್ಟೆ ಇಟ್ರೆ ತಾನೇ ಬಿಡುತ್ತೆ.

ಎತ್ತರ

ಗ್ರಾವಿಟಿ ಅಂದ್ರೆ ಎತ್ತರ ಅಷ್ಟೇ. ಬಾಟ್ಲಿ ಕೈಗಿಂತ ಒಂದು ಮೀಟರ್ ಮೇಲಿದ್ರೆ ಬೀಳೋ ಒತ್ತಡ ಬಿಪಿ ಲೆಕ್ಕದಲ್ಲಿ ಸುಮಾರು 74 ಮಿಲಿಮೀಟರ್. ಮಲಗಿರೋರ ಕೈ ನರದೊಳಗಿನ ಒತ್ತಡ ಸಾಧಾರಣವಾಗಿ ಹತ್ತರ ಆಸುಪಾಸು, ಹಂಗಾಗಿ ಆರಾಮಾಗಿ ಗೆಲ್ಲುತ್ತೆ. ಬಾಟ್ಲಿ ಒಂದಡಿಗೆ ಇಳಿದ್ರೆ ಅದು 22ಕ್ಕೆ ಬರುತ್ತೆ, ಕೈಗಿಂತ ಕೆಳಗೆ ಹೋದ್ರೆ ಉಲ್ಟಾ ರಕ್ತವೇ ಟ್ಯೂಬಿಗೆ ಬರುತ್ತೆ. ಬಾತ್‌ರೂಮಿಗೆ ಹೋಗೋವಾಗ ಬಾಟ್ಲಿನ ಸಂತೆ ಚೀಲದ ಥರ ಸೊಂಟದ ಹತ್ರ ಹಿಡ್ಕೊಂಡು ಹೋಗಿ "ಅಯ್ಯೋ ಸಿಸ್ಟರ್ ರಕ್ತ ಬಂತು" ಅಂತ ಹೆದರ್ಕೊಂಡು ಬರೋರು ದಿನಾ ಒಬ್ಬರು. ರಕ್ತ ಸ್ವಲ್ಪ ಹೊತ್ತು ಅಲ್ಲೇ ನಿಂತ್ರೆ ಹೆಪ್ಪುಗಟ್ಟಿ ಲೈನ್ ಹೋಗುತ್ತೆ. ಒಂದೋ ಚಕ್ರ ಬಂದ್ ಮಾಡ್ಸಿ ಹೋಗಿ, ಇಲ್ಲಾ ಜೊತೆಗಿರೋರು ತಲೆ ಮೇಲೆ ಎತ್ತಿ ಹಿಡೀಲಿ.

ಮನೆಗೆ ಹೋಗಿ ಡ್ರಿಪ್ ಹಾಕೋವಾಗ ಸ್ಟ್ಯಾಂಡ್ ಎಲ್ಲಿ ಸಿಗ್ಬೇಕು, ಪಕಾಸಿಗೆ ಹಗ್ಗ ಕಟ್ಟಿ ನೇತು ಹಾಕ್ತೀವಿ. ನಮ್ಮ ಹಳೇ ಮನೆಗಳ ಎತ್ತರಕ್ಕೆ ಅದು ಆಸ್ಪತ್ರೆ ಸ್ಟ್ಯಾಂಡ್‌ಗಿಂತ ಮೇಲೇ ಹೋಗುತ್ತೆ, ಅದರ ಮೇಲೆ ರೋಗಿ ನೆಲದ ಹಾಸಿಗೆಯಲ್ಲಿ ಬೇರೆ ಇದ್ರೆ ಚಕ್ರ ಅದೇ ಜಾಗದಲ್ಲಿದ್ರೂ ಜೋರು ಓಡುತ್ತೆ, ಹಂಗಾಗಿ ಅಲ್ಲಿ ಹನಿ ಹೊಸದಾಗಿ ಎಣಿಸ್ಬೇಕು. ಆಂಬ್ಯುಲೆನ್ಸಲ್ಲಿ ಉಲ್ಟಾ, ಛಾವಣಿ ತಗ್ಗು, ಆಗುಂಬೆ ಘಾಟಿ ಇಳಿಯೋವಾಗ ಆ 14 ತಿರುವಲ್ಲಿ ಬಾಟ್ಲಿ ಗಡಿಯಾರದ ಲೋಲಕದ ಥರ ಆಡ್ತಿರುತ್ತೆ, ಎತ್ತರ ಸಾಕಾಗಲ್ಲ. ಬಿಪಿ ಇಲ್ಲದ ರೋಗಿ ಆದ್ರೆ ಮೆತ್ತನೆ ಬ್ಯಾಗ್‌ಗೆ ಪ್ರೆಶರ್ ಬ್ಯಾಗ್ ಸುತ್ತಿ 300ರವರೆಗೆ ಊದಬಹುದು, ಎತ್ತರದ ಒತ್ತಡಕ್ಕಿಂತ ಅದು ನಾಲ್ಕು ಪಟ್ಟು. ಆದ್ರೆ ಮೊದಲೇ ಬ್ಯಾಗಿನೊಳಗಿನ ಗಾಳಿ ತೆಗೆದಿರ್ಬೇಕು, ಇಲ್ದಿದ್ರೆ ಕೊನೆಗೆ ಗಾಳಿನೂ ಒಳಗೆ ತಳ್ಳುತ್ತೆ, ಅದು ಜೀವಕ್ಕೇ ಬರುತ್ತೆ.

ಬಾಟ್ಲಿಯಾ ಬ್ಯಾಗಾ ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ಮೆತ್ತನೆ ಬ್ಯಾಗ್ ಖಾಲಿ ಆಗ್ತಾ ತಾನೇ ಕುಗ್ಗುತ್ತೆ, ಗಾಳಿ ಬೇಡ, ಹಿಂಡೋಕೂ ಬರುತ್ತೆ, ಪ್ರಯಾಣಕ್ಕೆ ಇದೇ. ಗಟ್ಟಿ ಬಾಟ್ಲಿಗೆ ಒಳಗೆ ಗಾಳಿ ಹೋಗದೇ ಇದ್ರೆ ಅರ್ಧಕ್ಕೇ ನಿಲ್ಲುತ್ತೆ, ಚಹಾ ಫ್ಲಾಸ್ಕಿಗೆ ಎರಡನೇ ತೂತು ಇಲ್ಲದಿದ್ರೆ ಆಗೋ ಹಾಗೆ. ಸೆಟ್ಟಿನ ಗಾಳಿ ಮುಚ್ಚಳ ತೆಗೆದ್ರೆ ಸರಿಹೋಗುತ್ತೆ. ಬಾಟ್ಲಿ ತಲೆಗೆ ಸೂಜಿ ಚುಚ್ಚಿ ಬಿಡೋ ಅಭ್ಯಾಸ ಕೆಲವು ಕಡೆ ಇನ್ನೂ ಇದೆ, ನನಗೆ ಕಂಡ್ರೆ ಆಗಲ್ಲ, ವಾರ್ಡಿನ ಧೂಳು ಗಾಳಿ ಎಲ್ಲ ಸೀದಾ ಒಳಗೆ.

ಏನು ಹೋಗ್ತಿದೆ ಅನ್ನೋದು

ನಾರ್ಮಲ್ ಸಲೈನ್ (ಉಪ್ಪು ನೀರು), ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್), ಡಿಎನ್‌ಎಸ್ (ಸಕ್ಕರೆ, ಉಪ್ಪು ಎರಡೂ ಇರೋದು) ಎಲ್ಲ ಓಟದಲ್ಲಿ ಹೆಚ್ಚುಕಮ್ಮಿ ನೀರಿನ ಥರವೇ. ರಕ್ತ ನೀರಿಗಿಂತ ಮೂರ್ನಾಲ್ಕು ಪಟ್ಟು ಮಂದ, ಫ್ರಿಜ್‌ನಿಂದ ಬಂದಿದ್ದು ಇನ್ನೂ ಮಂದ, ಅದಕ್ಕೇ ಅದಕ್ಕೆ ಪಿಂಕ್ ಅಥವಾ ಹಸಿರು ಕೇಳೋದು. ಶುರು ಮಾಡಿದ್ರೆ ನಾಲ್ಕು ಗಂಟೆಯೊಳಗೆ ಮುಗೀಬೇಕು, ಫಿಲ್ಟರ್ ಇರೋ ಬೇರೆ ಸೆಟ್ಟೇ ಬೇಕು, ಜೊತೆಗೆ ನಾರ್ಮಲ್ ಸಲೈನ್ ಬಿಟ್ರೆ ಇನ್ನೇನೂ ಸೇರಿಸಬಾರದು. ಆರ್‌ಎಲ್‌ನಲ್ಲಿರೋ ಕ್ಯಾಲ್ಸಿಯಂ ರಕ್ತ ಹೆಪ್ಪುಗಟ್ಟಿಸುತ್ತೆ. ಬೇಗ ಹೋಗ್ಲಿ ಅಂತ ಬಿಸಿನೀರಲ್ಲಿ ಮುಳುಗಿಸೋದು ಅಂತೂ ಬೇಡವೇ ಬೇಡ.

ಚಳಿ ವಿಷಯ ನಮ್ಮೂರಿನೋರು ಮರೆಯೋ ಹಾಗಿಲ್ಲ. 10 ಡಿಗ್ರಿ ನೀರು 37 ಡಿಗ್ರಿ ನೀರಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಮಂದ, ಡಿಸೆಂಬರ್ ಬೆಳಿಗ್ಗೆ ಸ್ಟೋರ್ ರೂಮಿಂದ ತಂದ ಬಾಟ್ಲಿ ಮಧ್ಯಾಹ್ನದ ಬಾಟ್ಲಿಗಿಂತ ನಿಧಾನ ಓಡೋದು ಬರೀ ನಮ್ಮ ಭ್ರಮೆ ಅಲ್ಲ. ಅದಕ್ಕಿಂತ ಮುಖ್ಯ ಮ್ಯಾನಿಟಾಲ್. ಮಿದುಳಿನ ಬಾವು ಇಳಿಸೋಕೆ ಕೊಡೋ 20 ಪರ್ಸೆಂಟ್ ಬಾಟ್ಲಿ ಚಳಿಗೆ ಹರಳು ಕಟ್ಟುತ್ತೆ. ಒಂದು ಬೆಳಿಗ್ಗೆ ನಮ್ಮ ಹೊಸ ಹುಡುಗಿ "ಅಕ್ಕ ಇದು ಓಡ್ತಾನೇ ಇಲ್ಲ, ಕ್ಯಾನುಲಾ ಚೇಂಜ್ ಮಾಡ್ಲಾ" ಅಂದ್ಲು, ಕಿಟಕಿ ಬೆಳಕಿಗೆ ಬಾಟ್ಲಿ ಹಿಡಿದು ತೋರಿಸ್ದೆ, ಕೆಳಗೆ ಕಲ್ಲುಸಕ್ಕರೆ ಪುಡಿ ಥರ ಮಿನುಗ್ತಾ ಕೂತಿತ್ತು. ಬೆಚ್ಚಗಿನ ನೀರಲ್ಲಿಟ್ಟು ಪೂರ್ತಿ ಕರಗಿಸಿ, ಮೈ ಬಿಸಿಗೆ ಆರಿಸಿ, ಫಿಲ್ಟರ್ ಇರೋ ಸೆಟ್ಟಲ್ಲಿ ಕೊಡ್ಬೇಕು. ಹರಳು ಕರಗದಿದ್ರೆ ಆ ಬಾಟ್ಲಿ ಬಳಸಲೇಬೇಡಿ.

ಮ್ಯಾಕ್ರೋ, ಮೈಕ್ರೋ, ಡಯಲ್, ಪಂಪ್

ಮ್ಯಾಕ್ರೋ ಸೆಟ್ಟು ನಮ್ಮಲ್ಲಿ ಹೆಚ್ಚಾಗಿ ಒಂದು ಎಂಎಲ್‌ಗೆ 20 ಹನಿ, ಕೆಲವು 15, ಕವರ್ ನೋಡಿ. ಮೈಕ್ರೋ 60. ಲೆಕ್ಕ ಇಷ್ಟೇ, ಒಟ್ಟು ಎಂಎಲ್‌ನ ಹನಿಯಿಂದ ಗುಣಿಸಿ ನಿಮಿಷದಿಂದ ಭಾಗಿಸಿ. 500 ಎಂಎಲ್ ನಾಲ್ಕು ಗಂಟೆಗೆ 20ರ ಸೆಟ್ಟಲ್ಲಿ ನಿಮಿಷಕ್ಕೆ 42 ಹನಿ, ಎಂಟು ಗಂಟೆಗೆ 21. ಅದೇ 500ನ್ನ ನಾಲ್ಕು ಗಂಟೆಗೆ 15ರ ಸೆಟ್ಟಲ್ಲಿ ಬಿಟ್ರೆ 31, ಇದನ್ನ ನೋಡದೇ 42 ಇಟ್ರೆ ಮೂರು ಗಂಟೆಗೇ ಖಾಲಿ. ಮೈಕ್ರೋದಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ, ತಲೆನೇ ಓಡಿಸ್ಬೇಕಿಲ್ಲ. ಮಕ್ಕಳಿಗೆ, ಗಂಟೆಗೆ ಮೂವತ್ತು ನಲವತ್ತರ ಕೆಳಗೆ ಹೋಗ್ಬೇಕಾದೋರಿಗೆ ಮೈಕ್ರೋ, ಸಣ್ಣ ಮಕ್ಕಳಿಗೆ ಮಧ್ಯ ಅಳತೆ ಡಬ್ಬಿ ಇರೋ ಬ್ಯೂರೆಟ್ ಸೆಟ್ ಇನ್ನೂ ವಾಸಿ, ಒಂದು ಸಲಕ್ಕೆ ತುಂಬಿಸಿದ್ದಕ್ಕಿಂತ ಜಾಸ್ತಿ ಒಳಗೆ ಹೋಗೋ ಹಾಗೇ ಇಲ್ಲ.

ಚಕ್ರದ ಒಂದು ಗುಟ್ಟು: ಒತ್ತಿ ಹಿಡಿದ ಪ್ಲಾಸ್ಟಿಕ್ ಟ್ಯೂಬ್ ನಿಧಾನಕ್ಕೆ ಆಕಾರ ಬದಲಾಯಿಸ್ಕೊಳ್ಳುತ್ತೆ, ಈಗ 42 ಇಟ್ಟಿದ್ದು ಅರ್ಧ ಗಂಟೆಗೆ ಇನ್ನೆಷ್ಟೋ ಆಗಿರುತ್ತೆ, ಬಾಟ್ಲಿಯಲ್ಲಿ ನೀರು ಇಳಿದಂತೆ ಎತ್ತರವೂ ಸ್ವಲ್ಪ ಇಳಿಯುತ್ತೆ, ರೋಗಿ ಮಗ್ಗುಲು ಬದಲಾಯಿಸಿದ್ರೂ ಲೆಕ್ಕ ತಪ್ಪುತ್ತೆ. ಒಂದು ಸಲ ಎಣಿಸಿ ಮರೆತುಬಿಡೋ ಹಾಗಿಲ್ಲ. ನಂಬರ್ ಬರೆದಿರೋ ಡಯಲ್ ಸೆಟ್ ಇನ್ನೂ ಮೋಸ, 100 ಅಂತ ತಿರುಗಿಸಿದ್ರೆ 100 ಹೋಗ್ತಿದೆ ಅಂತ ಜನ ನಂಬಿ ಕೂರ್ತಾರೆ, ಅದೂ ಎತ್ತರದ ಮೇಲೆ ನಿಂತಿರೋ ಯಂತ್ರನೇ, ಹನಿ ಎಣಿಸದೇ ನಂಬಬೇಡಿ.

ಪೊಟ್ಯಾಸಿಯಂ, ಬಿಪಿ ಏರಿಸೋ ಔಷಧಿ, ಇನ್ಸುಲಿನ್, ಹೆಪಾರಿನ್ ಇವಕ್ಕೆಲ್ಲ ಆಯ್ಕೆ ಪ್ರಶ್ನೆನೇ ಇಲ್ಲ, ಪಂಪ್. ಪಂಪ್ ಸಿಗದಿದ್ರೆ ಡಾಕ್ಟ್ರ ಹತ್ರ ಹೇಳಿ, ಸುಮ್ನೆ ಚಕ್ರದಲ್ಲಿ ಬಿಡೋಕೆ ಹೋಗ್ಬೇಡಿ. ಆದ್ರೆ ಪಂಪ್ ಇದ್ರೆ ನಿಶ್ಚಿಂತೆ ಅನ್ನೋದೂ ತಪ್ಪು. ಗ್ರಾವಿಟಿಯಲ್ಲಿ ನರ ಒಡೆದು ಹೊರಗೆ ಸೋರಿದ್ರೆ ಎಷ್ಟೋ ಸಲ ಹನಿ ನಿಧಾನ ಆಗಿ ನಮಗೆ ಸುಳಿವು ಕೊಡುತ್ತೆ, ಪಂಪ್ ಹಾಗಲ್ಲ, ಒತ್ತಡದ ಅಲಾರಂ ಹೊಡೆಯೋವರೆಗೂ ತಳ್ತಾನೇ ಇರುತ್ತೆ, ಕೈ ಹಲಸಿನಕಾಯಿ ಥರ ಊದಿದ್ರೂ ಅದಕ್ಕೇನು. ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಬ್ಯಾಟರಿ ಚಾರ್ಜ್ ಇದೆಯಾ ಅಂತ ಮಧ್ಯಾಹ್ನವೇ ನೋಡಿಟ್ಕೊಳ್ಳಿ.

ಓಡ್ತಿಲ್ಲ ಅಂದಾಗ ನಾನು ಕೈಯಿಂದ ಶುರು ಮಾಡಿ ಮೇಲಕ್ಕೆ ಹೋಗ್ತೀನಿ. ಊದಿದೆಯಾ, ತಣ್ಣಗಿದೆಯಾ, ಮುಟ್ಟಿದ್ರೆ ನೋವಾ, ಆದ್ರೆ ಲೈನ್ ತೆಗೀರಿ, ತಳ್ಳಿ ಸರಿ ಮಾಡೋಕೆ ನೋಡ್ಬೇಡಿ. ಅನುಮಾನ ಇದ್ರೆ ಕ್ಯಾನುಲಾ ತುದಿಗಿಂತ ಮೇಲೆ ಒತ್ತಿ ಹಿಡೀರಿ, ಆಗ್ಲೂ ಹನಿ ಮೊದಲಿನ ಹಾಗೇ ಬೀಳ್ತಿದ್ರೆ ಅದು ನರದೊಳಗೆ ಹೋಗ್ತಿಲ್ಲ. ಆಮೇಲೆ ಟೇಪ್ ಕೆಳಗೆ ಮಡಿಚಿದೆಯಾ, ರೋಗಿ ಟ್ಯೂಬ್ ಮೇಲೇ ಮಲಗಿದಾರಾ, ಕಡೆಗೆ ಬಾಟ್ಲಿ. ಹತ್ತರಲ್ಲಿ ಏಳೆಂಟು ಸಲ ಟ್ಯೂಬ್ ಮೇಲೆ ಮಲಗಿರೋದೇ.

ಇನ್ನು ಚಕ್ರಕ್ಕೆ ಕೈ ಹಾಕ್ಬೇಡಿ ಅಂದಿದ್ದು. ನಾನು ಮೊದಲು ಕೆಲಸಕ್ಕೆ ಸೇರಿದ್ದ ಒಂದು ಆಸ್ಪತ್ರೆಯಲ್ಲಿ ಹಾರ್ಟ್ ತೊಂದರೆ ಇದ್ದ ಒಬ್ಬ ಅಜ್ಜನಿಗೆ ಗಂಟೆಗೆ ನಲವತ್ತರ ಹಾಗೆ ಬಿಟ್ಟಿದ್ವಿ. ಪಕ್ಕ ಇದ್ದ ಅಳಿಯ ಪಾಪ ಒಳ್ಳೇದಕ್ಕೇ, ಬೇಗ ಮುಗಿದ್ರೆ ಮಾವ ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ ಪೂರ್ತಿ ತಿರುಗಿಸಿಬಿಟ್ಟಿದ್ದ. ಪಿಂಕ್ ಕ್ಯಾನುಲಾ ಬೇರೆ. ರಾತ್ರಿ ಎರಡು ಗಂಟೆಗೆ ಅಜ್ಜ ಎದ್ದು ಕೂತು ಉಸಿರು ಎಳೀತಿದ್ರು, ಎದೆಯಲ್ಲಿ ಗೊರ ಗೊರ. ನೀರೆಲ್ಲ ಶ್ವಾಸಕೋಶಕ್ಕೆ ಬಂದಿತ್ತು. ಆಕ್ಸಿಜನ್ ಹಾಕಿ, ನೀರು ಇಳಿಸೋ ಇಂಜೆಕ್ಷನ್ ಕೊಟ್ಟು ಬೆಳಗಿನ ಹೊತ್ತಿಗೆ ಸರಿ ಹೋದ್ರು. ಅಳಿಯನನ್ನ ಯಾರೂ ಬೈಲಿಲ್ಲ, ಅವನಿಗೆ ಚಕ್ರ ಮುಟ್ಟಬಾರದು ಅಂತ ಹೇಳಿದ್ದೋರೂ ಯಾರೂ ಇರ್ಲಿಲ್ಲ, ನಾನೂ ಹೇಳಿರ್ಲಿಲ್ಲ.

ಮೊನ್ನೆ ಐದೂವರೆ ಬಸ್ಸಿನ ಅಜ್ಜನ ವಿಷಯಕ್ಕೆ ಬರ್ತೀನಿ. ಎರಡು ದಿನ ಭೇದಿ, ನೀಲಿ ಕ್ಯಾನುಲಾ, ಮುಂಗೈ ಮೇಲೆ ಒಳ್ಳೆ ನರ, 42 ಹನಿ, ಎಲ್ಲ ಸರಿಯಾಗೇ ಓಡ್ತಿತ್ತು, ಅವರಿಗೆ ಮಾತ್ರ ಸಾಲ್ತಿರ್ಲಿಲ್ಲ. ಈ ಡಿಎನ್‌ಎಸ್ ಬಾಟ್ಲಿಯಲ್ಲಿ ಇರೋದು 25 ಗ್ರಾಂ ಸಕ್ಕರೆ, ನಾಲ್ಕೂವರೆ ಗ್ರಾಂ ಉಪ್ಪು, ಉಳಿದಿದ್ದು ನೀರು ಅಜ್ಜ, ಬಾಯಲ್ಲಿ ಕುಡಿದು ಹೊಟ್ಟೇಲಿ ನಿಂತ್ರೆ ಅದೂ ಇದೂ ಒಂದೇ ಅಂದೆ, ನಂಬ್ಲಿಲ್ಲ, ಬಾಟ್ಲಿ ಅಂದ್ರೆ ಬಾಟ್ಲಿನೇ ಅವರಿಗೆ. ನಾಲ್ಕೂವರೆಗೆ ಡಾಕ್ಟ್ರು ಬಂದು ನೋಡಿದ್ರು, ಗಂಜಿ ಕುಡಿದು ಒಂದೂವರೆ ಗಂಟೆ ಆಗಿತ್ತು, ವಾಂತಿ ಇಲ್ಲ, ಬಿಪಿ ಸರಿ, ಮೂತ್ರ ಹೋಗಿದೆ. ಅರ್ಧ ಬಾಟ್ಲಿ ಇರೋವಾಗ್ಲೇ ತೆಗೀರಿ, ಓಆರ್‌ಎಸ್ ಪ್ಯಾಕೆಟ್ ಕೊಟ್ಟು ಕಳಿಸಿ ಅಂದ್ರು. ನಾನು ಹತ್ತಿ ಒತ್ತಿ ಹಿಡ್ಕೊಂಡಿದ್ದೆ, ಅಜ್ಜ ಸ್ಟ್ಯಾಂಡ್ ಕಡೆನೇ ನೋಡ್ತಿದ್ರು.

"ಉಳಿದಿದ್ದಕ್ಕೆ ದುಡ್ಡು ವಾಪಸ್ ಕೊಡ್ತೀರಾ?"

"ಇಲ್ಲ ಅಜ್ಜ."

"ಹಂಗಾದ್ರೆ ಮನೆಗೆ ಕೊಡಿ, ಅಡಿಕೆ ಸಸಿ ಬುಡಕ್ಕಾದ್ರೂ ಹಾಕ್ತೀನಿ."

ಉಪ್ಪು ನೀರು ಅದು, ಸಸಿ ಸುಟ್ಟುಹೋಗುತ್ತೆ ಅಂದೆ. ಅಜ್ಜ ನನ್ನ ಮುಖ ಒಂದು ನಿಮಿಷ ನೋಡಿ, "ಅದನ್ನ ನನಗೆ ಹಾಕಿದ್ರಾ!" ಅಂತ ಚಪ್ಪಲಿ ಮೆಟ್ಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೊರಟ್ರು.